ಬಿಳಿ ಸೀಸದ ಚರಿತ್ರೆ

ಮನೆಗೆ ಸುಣ್ಣಬಣ್ಣ ಮಾಡಿಸುವುದೆಂದರೆ ನಮ್ಮ ನಾಡಿನಲ್ಲಿ ಹಬ್ಬದ ಮುನ್ಸೂಚನೆ. ನಾನು ಬೆಳೆದ ಮನೆಯಲ್ಲಿ ಗೋಡೆಗೆ ಸುಣ್ಣ, ಹೊಸ್ತಿಲಿಗೆ ಕೆಮ್ಮಣ್ಣು. ಅಮೆರಿಕದ ಹಳೆಯ ಮನೆಗಳ ಬಣ್ಣಕ್ಕಾದರೋ ದಾರುಣವಾದ ಚರಿತ್ರೆಯೊಂದಿದೆ. 1978ಕ್ಕಿಂತ ಹಿಂದೆ ಕಟ್ಟಿದ ಮನೆಯನ್ನು ಮಾರುವವರು, ಬಾಡಿಗೆಗೆ ಕೊಡುವವರು ಅಲ್ಲಿನ ಸೀಸದ ಬಣ್ಣದ ಬಗ್ಗೆ ತಮಗೆ ತಿಳಿದುದನ್ನು ಬರೆದುಕೊಡಬೇಕೆಂಬುದು 1992ರ ಕಾನೂನು. ಮಗಳು ಮನೆ ಕೊಂಡಾಗ ಆ ಪತ್ರವನ್ನು ಓದಿದೆ. ಪದವಿಗಾಗಿ ಇತಿಹಾಸ ಓದಿದ ನನ್ನಲ್ಲಿ ಮೂಡಿದ ಪ್ರಶ್ನೆ ಇದು: 1978 ಏಕೆ? ಅದಕ್ಕೂ ಮೊದಲು ಈ ವಿಷಯ ಯಾರಿಗೂ ತಿಳಿದಿರಲಿಲ್ಲವೇ?

ತಿಳಿದಿತ್ತು. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ಸೀಸದ ಕೆಲಸಗಾರರ ಮೈ ಬಿಳಿಚಿಕೊಂಡಿರುವುದನ್ನು ಗಮನಿಸಿ, ನೀರಿಗೆ ಮಣ್ಣಿನ ಕೊಳವೆಯೇ ಲೇಸೆಂದ. 1786ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮಿತ್ರನಿಗೆ ಬರೆದ ಪತ್ರದಲ್ಲಿ ಸೀಸದ ಕೇಡುಗಳನ್ನು ವಿವರಿಸಿ, ಉಪಯುಕ್ತ ಸತ್ಯವೊಂದು ಜನರಲ್ಲಿ ಬೇರೂರಲು ಎಷ್ಟು ಕಾಲ ಹಿಡಿಯುತ್ತದೆಂದು ವಿಷಾದಿಸಿದ.

ಹೀಗಿದ್ದೂ ಸೀಸದ ಮೋಹ ಬಿಡಲಿಲ್ಲ. ವಿನೆಗರ್ ತುಂಬಿದ ಮಡಕೆಗಳಲ್ಲಿ ಸೀಸದ ತಗಡನ್ನಿಟ್ಟು, ಸುತ್ತಲೂ ಗೊಬ್ಬರ ಒಟ್ಟಿ ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆ ಬಿಳಿಯ ಹಕ್ಕಳೆ ಕಟ್ಟುತ್ತಿತ್ತು. ಅದನ್ನು ಪುಡಿಮಾಡಿ ಅಗಸೆ ಎಣ್ಣೆಯಲ್ಲಿ ಅರೆದರೆ ಬಿಳಿ ಸೀಸದ ಬಣ್ಣ ಸಿದ್ಧ. ಮಳೆಬಿಸಿಲಿಗೆ ಜಗ್ಗದು, ಮರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದು. ಮರದ ಮನೆಗಳ ಈ ದೇಶ ಅದನ್ನು ಸಡಗರದಿಂದ ಬರಮಾಡಿಕೊಂಡಿತು.

ಮಕ್ಕಳ ಕಾಯಿಲೆಗೂ ಮನೆಯ ಬಣ್ಣಕ್ಕೂ ಇರುವ ನಂಟನ್ನು ಗುರುತಿಸಿದವರು ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್. ಜಗಲಿಯ ಕಟಕಟೆಯ ಬಣ್ಣ ಬಿಸಿಲಿಗೆ ಪುಡಿಯಾಗಿ, ಪುಟ್ಟ ಕೈಗಳಿಂದ ಬಾಯಿಗೆ ಸೇರುತ್ತಿದೆಯೆಂದು ಅವರು 1904ರಲ್ಲೇ ಬರೆದರು. 1921ರಲ್ಲಿ ಜಿನೀವಾದಲ್ಲಿ, ಮನೆಯೊಳಗೆ ಬಿಳಿ ಸೀಸ ಬಳಿಯುವುದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅಮೆರಿಕ ಅದಕ್ಕೆ ಸಹಿ ಹಾಕಲಿಲ್ಲ. ಅದೇ ದಶಕದಲ್ಲಿ ಇಲ್ಲಿ ಸೀಸದ ಬಣ್ಣದ ಪ್ರಚಾರಕ್ಕಾಗಿ ಮಕ್ಕಳಿಗೆಂದೇ ಚಿತ್ರಪುಸ್ತಕಗಳು ಅಚ್ಚಾದವು! ಬಾಲ್ಟಿಮೋರ್ ನಗರ ಎಚ್ಚೆತ್ತು 1951ರಲ್ಲಿ ಮನೆಯೊಳಗೆ ಅದನ್ನು ನಿಷೇಧಿಸಿತು. ದೇಶಕ್ಕೆಲ್ಲ ಅನ್ವಯಿಸುವ ನಿಷೇಧ ಬಂದದ್ದು 1978ರಲ್ಲಿ. ಗಿಬ್ಸನ್ನರ ಎಚ್ಚರಿಕೆಯಿಂದ ಆ ನಿಷೇಧದವರೆಗೆ ಎಪ್ಪತ್ತನಾಲ್ಕು ವರ್ಷ. ಆ ವಿಳಂಬಕ್ಕೆ ಬೆಲೆ ತೆತ್ತವರು ಹಸುಳೆಗಳು.

ಸೀಸವು ಸುಣ್ಣಾಂಶದ ವೇಷ ಧರಿಸಿ ದೇಹವನ್ನು ಹೊಕ್ಕು, ಎಲುಬಿನಲ್ಲಿ ದಶಕಗಳ ಕಾಲ ನೆಲೆಸುತ್ತದೆ. ಬಸಿರಿನಲ್ಲಿ ತಾಯಿಯ ಎಲುಬಿನಿಂದ ಮಗುವಿಗೂ ಹರಿಯುತ್ತದೆ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಪರೀಕ್ಷಿಸಿ, ಕಾಯಿಲೆಯ ಲಕ್ಷಣವೇ ಕಾಣದ ಮಕ್ಕಳಲ್ಲೂ ಸೀಸ ಹೆಚ್ಚಿದ್ದರೆ ಬುದ್ಧಿ, ಗಮನಗಳು ಕುಂದಿರುವುದನ್ನು ತೋರಿಸಿದರು. 1960ರ ದಶಕದಲ್ಲಿ ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂ ಸೀಸದವರೆಗೆ ಆತಂಕವಿಲ್ಲವೆನ್ನುತ್ತಿದ್ದರು. 2021ರಲ್ಲಿ ಎಚ್ಚರಿಕೆಯ ಮಟ್ಟ 3.5ಕ್ಕೆ ಇಳಿದಿದೆ. ನಿರಪಾಯವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲ.

ತಾಯ್ನಾಡಿನಲ್ಲೂ ಸುಣ್ಣದ ಜಾಗಕ್ಕೆ ಎಣ್ಣೆಬಣ್ಣ ಬಂದಿತು. 1999ರಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ಜರುಗಿತು. ಮನೆಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗ ಸೀಸವೆಂಬ ಮಿತಿಯನ್ನು ಭಾರತ ವಿಧಿಸಿದ್ದು 2016ರಲ್ಲಿ.

ಬಂದ ಹೊಸತರಲ್ಲಿ ನಮ್ಮವರಲ್ಲಿ ಅನೇಕರು ಹಳೆಯ ಬಾಡಿಗೆ ಮನೆಗಳಲ್ಲಿಯೇ ಸಂಸಾರ ಹೂಡುತ್ತಾರೆ. ಅವರಿಗೆ ನನ್ನ ವಿನಂತಿಯಿಷ್ಟು. ಮೇಲೆತ್ತಿ ಇಳಿಸುವ ಕಿಟಕಿಗಳ ಉಜ್ಜುವಿಕೆಯಿಂದ ಉದುರುವ ಧೂಳೇ ಮುಖ್ಯ ಶತ್ರು. ಅದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಹಳೆಯ ಬಣ್ಣವನ್ನು ನೀವೇ ಕೆರೆಯಬೇಡಿರಿ; ತರಬೇತಿ ಪಡೆದ ಪರವಾನಗಿದಾರರನ್ನು ಕರೆಸಿರಿ. ಮಕ್ಕಳ ರಕ್ತಪರೀಕ್ಷೆ ಮಾಡಿಸಿರಿ. ಸುಣ್ಣಾಂಶ, ಕಬ್ಬಿಣಾಂಶಗಳಿರುವ ಆಹಾರ ಸೀಸದ ಹೀರಿಕೆಯನ್ನು ತಗ್ಗಿಸುತ್ತದೆ; ರಾಗಿ, ಸೊಪ್ಪು ಮಕ್ಕಳ ತಟ್ಟೆಯಲ್ಲಿರಲಿ. ಆದರೆ ಆಹಾರ ಚಿಕಿತ್ಸೆಯಲ್ಲ. ಧೂಳನ್ನು ದೂರವಿಡುವುದೇ ಮೊದಲ ಕೆಲಸ.

ಲೋಕಕ್ಕೆ ಎರಡು ಸಾವಿರ ವರ್ಷ ಗೊತ್ತಿದ್ದ ಸತ್ಯ ನಮ್ಮ ಮನೆಯ ಬಾಗಿಲಿಗೆ ತಡವಾಗಿ ಬರುವುದು ಬೇಡ.