ಹಲಸಿಯ ತಗಡು, ಗೂಗಲ್‌ನ ಮೋಡ: ನಮ್ಮ ತಾಲೂಕಿನ ಬ್ಯಾಕಪ್ ಇತಿಹಾಸ

ಭಾಗ 1/7: ಜಗಳ ಹಳೇದು

"ಪೆನ್‌ಡ್ರೈವ್‌ನ್ಯಾಗ ಇಡೂದು ಚಲೋನೋ, ಆನ್‌ಲೈನ್ ಡ್ರೈವ್‌ಗೆ ಹಾಕೂದು ಚಲೋನೋ?" ಪ್ರಾಜೆಕ್ಟ್ ಕೊಡೋ ತಾರೀಖು ಹತ್ತಿರ ಬಂದ್ರ ನಮ್ಮ ಕ್ಲಾಸ್ ಗ್ರೂಪಿನ್ಯಾಗ ಈ ಜಗಳ ಇದ್ದದ್ದೇ. ಒಬ್ಬರು "ಕೈಯಾಗ ಇದ್ರ ಮಾತ್ರ ನಮ್ಮದು" ಅಂತಾರ. ಇನ್ನೊಬ್ಬರು "ಕೈಯಾಗಿಂದ ಕಳೆದ್ರ ಏನ್ ಮಾಡ್ತೀ?" ಅಂತಾರ. ಇಬ್ಬರ ಮಾತೂ ಖರೇನ.

ಆದ್ರ ಈ ಪ್ರಶ್ನೆ ಕಂಪ್ಯೂಟರ್ ಬಂದ ಮ್ಯಾಲ ಹುಟ್ಟಿದ್ದಲ್ಲ. ಸುಮಾರು 1500 ವರ್ಷದ ಹಿಂದ, ನಮ್ಮ ಖಾನಾಪುರ ತಾಲೂಕಿನ್ಯಾಗ, ಮಂದಿ ಇದೇ ಚಿಂತಿ ಮಾಡಿ ತಾಮ್ರದ ಮ್ಯಾಲ ಬರೆಸಿಟ್ಟಾರ. ಆಮ್ಯಾಲ ಓಲೆಗರಿ ಬಂತು, ಅಚ್ಚಿನ ಪುಸ್ತಕ ಬಂತು, ಸಿಡಿ ಬಂತು, ಈಗ ಕ್ಲೌಡ್. ಈ ಏಳು ಪೋಸ್ಟಿನ್ಯಾಗ ನಾನು ಕೇಳೋದು ಒಂದೇ ಪ್ರಶ್ನೆ: ನಮ್ಮ ತನಕ ಬಂದು ಮುಟ್ಟಿದ್ದು ಯಾಕ ಉಳೀತು, ಹೋದದ್ದು ಯಾಕ ಹೋಯ್ತು?

ಭಾಗ 2/7: ಹಲಸಿಯ ತಾಮ್ರದ ತಗಡು

ಖಾನಾಪುರದಿಂದ ನಂದಗಡ ದಾಟಿ ಹೋದ್ರ ಹಲಸಿ ಸಿಗತೈತಿ. ಭೂವರಾಹ ನರಸಿಂಹ ದೇವಸ್ಥಾನದ ಮುಂದ ನಿಂತು ಫೋಟೋ ತೆಗೆಸಿಕೊಂಡವರು ನಮ್ಮ ಕ್ಲಾಸಿನ್ಯಾಗೇ ಭಾಳ ಮಂದಿ ಇದ್ದಾರ. ಅದರ ಹಳೇ ಹೆಸರು ಪಲಾಶಿಕಾ. ಬನವಾಸಿ ಕದಂಬರ ಮುಖ್ಯ ಪಟ್ಟಣಗಳಲ್ಲಿ ಒಂದು.

ಊರ ಹೊರಗೆ ಚಕ್ರತೀರ್ಥ ಅನ್ನೋ ಬಾವಿಯ ಹತ್ತಿರ ಒಂದು ಮಣ್ಣಿನ ದಿಬ್ಬದೊಳಗೆ 19ನೇ ಶತಮಾನದಲ್ಲಿ ಕದಂಬರ ತಾಮ್ರಶಾಸನಗಳು ಸಿಕ್ಕವು. ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಅವನ್ನು ಓದಿ, 1870ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ: ಇವರ ಕಾಲದ ದಾನಪತ್ರಗಳು ಅದರಾಗ ಅದಾವ. ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟ ದಾಖಲೆಯೂ ಐತಿ. ಅಂದ್ರ ಇದು ಆ ಕಾಲದ ಆಸ್ತಿ ಪತ್ರ.

ತಾಮ್ರಶಾಸನದ ಡಿಸೈನ್ ನೋಡ್ರಿ. ಮೊದಲ ಮತ್ತು ಕೊನೆಯ ತಗಡಿನ ಹೊರಮೈ ಸಾಮಾನ್ಯವಾಗಿ ಖಾಲಿ ಬಿಡ್ತಿದ್ರು, ಉಜ್ಜಿ ಅಕ್ಷರ ಸವೀಬಾರದು ಅಂತ. ತೂತು ಹಾಕಿ ಬಳೆ ತೊಡಿಸಿ ಮುದ್ರೆ ಒತ್ತತಿದ್ರು, ನಡುವಿನ ತಗಡು ಯಾರೂ ಬದಲಿ ಮಾಡಬಾರದು ಅಂತ. ಕೊನೆಗೆ ಶಾಪ: ಈ ದಾನ ಕಿತ್ತುಕೊಂಡವ 60,000 ವರ್ಷ ನರಕ ಅನುಭವಿಸ್ತಾನ. ಈಗಿನ ಕಂಪನಿಗಳ ಷರತ್ತು-ನಿಬಂಧನೆಗಿಂತ ಇದು ಸ್ಟ್ರಾಂಗ್!

ಆದ್ರ ನನಗ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಬ್ಯಾರೇನ. ರವಿವರ್ಮನ ಕಾಲದ ಒಂದು ಶಾಸನ, ಕಾಕುಸ್ಥವರ್ಮ ಶ್ರುತಕೀರ್ತಿಗೆ ದಾನ ಕೊಟ್ಟ ಕಥಿನ್ನ ಮತ್ತೊಮ್ಮೆ ಹೇಳತೈತಿ. ಹಳೇ ದಾಖಲೆಯ ಸಾರ ಹೊಸ ತಗಡಿಗೆ ಬಂತು. ತಾಮ್ರ ಗಟ್ಟಿ ಐತಿ ಅಂತ ಅವರು ಸುಮ್ಮನ ಕೂಡಲಿಲ್ಲ.

ಯಾಕಂದ್ರ ತಾಮ್ರಕ್ಕೂ ಬೆಲೆ ಐತಿ. ಎಷ್ಟೋ ಶಾಸನಗಳು ಕರಗಿ ಪಾತ್ರೆ ಆಗಿ ಹೋಗ್ಯಾವ. ಹಲಸಿಯವು ಮಣ್ಣಿನ್ಯಾಗ ಹೂತಿದ್ದಕ್ಕ ಉಳದ್ವು.

ಭಾಗ 3/7: ಸಾವಿರ ಪ್ರತಿ, ನೂರು ಮನಿ

ಓಲೆಗರಿ ತಾಮ್ರದಷ್ಟು ಗಟ್ಟಿ ಅಲ್ಲ. ಹುಳ ತಿಂತೈತಿ, ಮಳಿಗಾಲದಾಗ ಬೂಸ್ಟು ಹಿಡಿತೈತಿ, ಬೆಂಕಿ ಬಿದ್ರ ಮುಗೀತು. ಆದ್ರೂ ಪಂಪ, ಪೊನ್ನ, ರನ್ನರ ಕಾವ್ಯ ನಮ್ಮ ಸಿಲಬಸ್ಸಿನ ತನಕ ಬಂದಾವ. ಹೆಂಗ?

ಪ್ರತಿ ಮಾಡಿ, ಪ್ರತಿ ಮಾಡಿ, ಪ್ರತಿ ಮಾಡಿ. 10ನೇ ಶತಮಾನದ ಕೊನೆಯಲ್ಲಿದ್ದ ಅತ್ತಿಮಬ್ಬೆ, ಪೊನ್ನನ 'ಶಾಂತಿಪುರಾಣ'ದ 1000 ಪ್ರತಿ ಬರೆಸಿ ಹಂಚಿದಳು ಅಂತ ಪ್ರಸಿದ್ಧಿ. ಗದಗದ ಹತ್ತಿರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅದೇ ಅತ್ತಿಮಬ್ಬೆ. ಕಂಠದಿಂದ ಗರಿಯ ಮ್ಯಾಲ ಒಂದೊಂದೇ ಅಕ್ಷರ ಕೊರೆದು 1000 ಪ್ರತಿ! ನಾವು ಕಂಟ್ರೋಲ್-ಸಿ, ಕಂಟ್ರೋಲ್-ವಿ ಒತ್ತಾಕ ಬ್ಯಾಸರ ಮಾಡ್ಕೋತೀವಿ.

12ನೇ ಶತಮಾನಕ್ಕ ಬರ್ರಿ. ಕಲ್ಯಾಣದಾಗ ಗಲಾಟೆ ಆಗಿ ಶರಣರು ಚದುರಿ ಹೋದರು. ಒಂದು ಗುಂಪು ವಚನದ ಕಟ್ಟು ಹೊತ್ತುಕೊಂಡು ಉಳವಿಯ ಕಡೆ ಹೊಂಟಿತು ಅಂತ ಐತಿಹ್ಯ. ಆ ದಾರಿ ನಮ್ಮ ಖಾನಾಪುರ ತಾಲೂಕಿನ ಕಕ್ಕೇರಿಯ ಮ್ಯಾಲ ಹೋಗತೈತಿ. ಅಲ್ಲಿ ಡೋಹರ ಕಕ್ಕಯ್ಯನವರು ಬೆನ್ನಟ್ಟಿ ಬಂದವರ ಜೋಡಿ ಹೋರಾಡಿ ತೀರಿಕೊಂಡರು, ಊರಿನ ಹೆಸರೂ ಅವರಿಂದನ ಬಂತು ಅಂತ ಮಂದಿ ಹೇಳ್ತಾರ. ಐತಿಹ್ಯವನ್ನ ಐತಿಹ್ಯ ಅಂತನ ತಗೊಳ್ರಿ. ಆದ್ರ ಒಂದು ಮಾತು ಗಮನಿಸ್ರಿ: ಬರದದ್ದನ್ನ ಅಪಾಯದ ಜಾಗದಿಂದ ದೂರ ಒಯ್ಯೋದು ಜೀವ ಕೊಡುವಷ್ಟು ದೊಡ್ಡ ಕೆಲಸ ಅಂತ ನಮ್ಮ ಊರಿನ ನೆನಪು ನಂಬೇತಿ.

ಭಾಗ 4/7: 1923, ಬೆಳಗಾವಿ

ಹಂಗ ಚದುರಿದ ವಚನಗಳು ಮಠದಾಗ, ಮನಿ ಜಂತಿ ಮ್ಯಾಲ, ದೇವರ ಜಗುಲಿ ಮ್ಯಾಲ ನೂರಾರು ವರ್ಷ ಕೂತಿದ್ವು. ಪೂಜೆ ಆಗತಿತ್ತು, ಓದೋರು ಕಡಿಮಿ.

ಧಾರವಾಡದಾಗ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಕೀಲರು. ಸ್ವಲ್ಪ ಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ 1904ರಲ್ಲಿ ವಿಜಯಪುರಕ್ಕ ಹೋದರು. ಊರೂರು ತಿರುಗಿ ಓಲೆಗರಿ ಕಟ್ಟು ಹುಡುಕಿ, ನಕಲು ಮಾಡಿ, ಒಂದು ಪ್ರತಿಯನ್ನ ಇನ್ನೊಂದಕ್ಕ ಹೋಲಿಸಿ ನೋಡಿದರು. ಒಂದು ಗರಿಯಾಗ ಸಾಲು ಹಾಳಾಗಿದ್ರ ಇನ್ನೊಂದರಾಗ ಸಿಗತಿತ್ತು. ಪ್ರತಿ ಭಾಳ ಇದ್ರ ಇದೇ ಲಾಭ: ತಪ್ಪು ಎಲ್ಲಿ ಐತಿ ಅಂತ ತಿಳೀತೈತಿ.

ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಅಚ್ಚಾಯಿತು. ಎಲ್ಲಿ? ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಆಮೇಲೆ ಅವರು ಮನಿ ಮಾರಿ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಅವರ ಹುಟ್ಟಿದ ದಿನ ಜುಲೈ 2 ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ.

ಓಲೆಗರಿ ಹಾಳಾಗೋ ಮೊದಲ ಅದರಾಗಿದ್ದದ್ದನ್ನ ಕಾಗದಕ್ಕ ದಾಟಿಸಿದರು. ಒಂದು ತಲೆಮಾರು ತಡ ಆಗಿದ್ರ ಎಷ್ಟು ಹೋಗ್ತಿತ್ತೋ.

ಭಾಗ 5/7: ಒಂದೇ ಕಪಾಟು

ಈಗ ನಮ್ಮ ಕಾಲಕ್ಕ. ಫ್ಲಾಪಿಯಾಗ 1.44 ಎಂಬಿ, ಸಿಡಿಯಾಗ 700 ಎಂಬಿ, ಡಿವಿಡಿಯಾಗ 4.7 ಜಿಬಿ. ಇವತ್ತು ಫ್ಲಾಪಿ ಸಿಕ್ಕರೂ ಅದನ್ನ ಹಾಕಾಕ ತೂತಿರೋ ಕಂಪ್ಯೂಟರ್ ಸಿಗೂದಿಲ್ಲ. ಹೊಸ ಲ್ಯಾಪ್‌ಟಾಪಿನ್ಯಾಗ ಸಿಡಿ ಡ್ರೈವೂ ಇಲ್ಲ. ತಾಮ್ರದ ತಗಡು ಓದಾಕ ಕಣ್ಣು ಮತ್ತ ಲಿಪಿ ಗೊತ್ತಿದ್ರ ಸಾಕು. ಸಿಡಿ ಓದಾಕ ಮಷೀನೂ ಉಳೀಬೇಕು.

2019ರ ಆಗಸ್ಟ್ ನೆನಪೈತಲ್ಲ? ಮಲಪ್ರಭಾ ನಮ್ಮ ತಾಲೂಕಿನ ಕಣಕುಂಬಿಯಲ್ಲೇ ಹುಟ್ಟೋ ಹೊಳಿ. ಆ ವರ್ಷ ಜಿಲ್ಲೆ ತುಂಬ ನೀರು. ಹೊಳಿ ದಂಡಿಯ ಊರಾಗಿರೋ ನಮ್ಮ ಮಾವಶಿ ಮನಿಯೊಳಗೂ ನೀರು ಹೊಕ್ತು. ಮದುವಿ ಸಿಡಿ, ಅದರ ಕಾಪಿ ಇದ್ದ ಹಾರ್ಡ್ ಡಿಸ್ಕ್, ಹೊಲದ ಕಾಗದ ಎಲ್ಲಾ ಒಂದೇ ಕಪಾಟಿನ ಕೆಳಗಿನ ಖಾನೆಯೊಳಗ. ಕಾಪಿ ಇತ್ತು, ಆದ್ರ ಎರಡೂ ಕೂಡಿ ಮುಳುಗಿದ್ವು.

ಮದುವಿ ವಿಡಿಯೋ ಕೊನೆಗೆ ಸಿಕ್ತು, ಯಾಕಂದ್ರ ಧಾರವಾಡದ ಕಾಕಾ ಒಂದು ಸಿಡಿ ಒಯ್ದು ಇಟ್ಟುಕೊಂಡಿದ್ರು. ಹೊಲದ ಪಹಣಿ ನಾಡಕಚೇರಿಯಾಗ ಮತ್ತ ಸಿಕ್ತು, ಯಾಕಂದ್ರ ಸರಕಾರದ 'ಭೂಮಿ' ಕಂಪ್ಯೂಟರಿನ್ಯಾಗ ಅದು ಐತಿ. ಹಾರ್ಡ್ ಡಿಸ್ಕ್‌ನ್ಯಾಗ ಮಾತ್ರ ಇದ್ದದ್ದು ಅಜ್ಜ ಹಾಡಿದ ಭಜನಿ ಪದ. ಅದು ಹೋಯ್ತು. ಅಜ್ಜನೂ ಈಗ ಇಲ್ಲ.

ಭಾಗ 6/7: ಹಂಗಾದ್ರ ಎಲ್ಲಾ ಆನ್‌ಲೈನ್ ಹಾಕೂಣಾ?

ತಡೀರಿ. ಮೋಡ ಅಂದ್ರ ಆಕಾಶ ಅಲ್ಲ, ಇನ್ನೊಬ್ಬರ ಕಟ್ಟಡದಾಗಿನ ಕಂಪ್ಯೂಟರ್.

ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕ ಬಂದ್ ಆಯ್ತು. ಮೈಸ್ಪೇಸ್ ತನ್ನ ಸರ್ವರ್ ಬದಲಿಸೋವಾಗ 12 ವರ್ಷದ ಹಾಡು-ಫೋಟೋ ಕಳಕೊಂಡದ್ದು 2019ರಲ್ಲಿ ಹೊರಬಿತ್ತು. 2020ರ ಜೂನ್ 29ಕ್ಕ ಟಿಕ್‌ಟಾಕ್ ನಿಷೇಧ ಆತು. ಫೋನಿನ್ಯಾಗ ಬ್ಯಾರೆ ಕಾಪಿ ಇಡದವರ ವಿಡಿಯೋ ಕೈಗೆ ಸಿಗದಂಗ ಆದ್ವು. 2021ರ ಮಾರ್ಚ್ 10ಕ್ಕ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಬ್ಯಾರೆ ಕಡೆ ಬ್ಯಾಕಪ್ ಇಲ್ಲದ ಗಿರಾಕಿಗಳ ಫೈಲ್ ಬೂದಿ. ಗೂಗಲ್ ಫೋಟೋಸ್‌ನ ಅನ್‌ಲಿಮಿಟೆಡ್ ಫ್ರೀ 2021ರ ಜೂನ್ 1ಕ್ಕ ಮುಗೀತು. ಈಗ ಎಲ್ಲಾ ಕೂಡಿ 15 ಜಿಬಿ. 2 ವರ್ಷ ಮುಟ್ಟದ ಅಕೌಂಟ್ ಅಳಿಸೋ ನಿಯಮನೂ ಐತಿ. ತೀರಿಕೊಂಡವರ ಫೋಟೋ ಅವರ ಅಕೌಂಟಿನ್ಯಾಗ ಮಾತ್ರ ಇದ್ರ ಲೆಕ್ಕ ಹಾಕ್ರಿ.

ಇನ್ನೊಂದು: ಸಿಂಕ್ ಅಂದ್ರ ಬ್ಯಾಕಪ್ ಅಲ್ಲ. ಫೋನಿನ್ಯಾಗ ಅಳಿಸಿದ್ರ ಅಲ್ಲೂ ಅಳಿಸಿ ಹೋಗಬಹುದು.

ಮತ್ತ ನಮ್ಮ ಕಡೆಯ ಲೆಕ್ಕ. 60 ಜಿಬಿ ಫೋಟೋ ಅದಾವ ಅನ್ರಿ. ದಿನಕ್ಕ 1.5 ಜಿಬಿ ಪ್ಯಾಕ್ ಪೂರಾ ಅದಕ್ಕ ಹಾಕಿದ್ರೂ 40 ದಿನ. ಅಪ್‌ಲೋಡ್ ಸ್ಪೀಡ್ 2 ಎಂಬಿಪಿಎಸ್ ಇದ್ರ ಒಂದೇ ಸಮ ಸುಮಾರು 67 ತಾಸು. ಬೆಳಗಾವಿಯಾಗ ವೈಫೈ ಇದ್ದವರಿಗೆ ಇದು ಆಗೋ ಮಾತು. ಮಳಿಗಾಲದಾಗ ಕರೆಂಟ್ ಹೋಗಿ ಕೂಡೋ ಭೀಮಗಡ ಕಾಡಿನ ಊರಿನವರಿಗೆ "ಎಲ್ಲಾ ಕ್ಲೌಡಿಗೆ ಹಾಕ್ರಿ" ಅನ್ನೋದು ಸಲಹೆ ಅಲ್ಲ, ಚಾಷ್ಟಿ.

ಭಾಗ 7/7: ಲೆಜರ್ ಟ್ಯಾಲಿ ಮಾಡೂಣು

ಬಿಕಾಂ ಮಂದಿ, ಇದು ನಮ್ಮ ಏರಿಯಾ. ಕಂಪನಿ ಕಾಯ್ದೆ 2013ರ ಕಲಂ 128: ಲೆಕ್ಕದ ಪುಸ್ತಕ 8 ವರ್ಷ ಇಡಬೇಕು. ಕಂಪ್ಯೂಟರಿನ್ಯಾಗ ಇಟ್ರ ಅದರ ಬ್ಯಾಕಪ್ ಭಾರತದೊಳಗಿನ ಸರ್ವರಿನ್ಯಾಗ ಇರಬೇಕು. 2022ರ ತಿದ್ದುಪಡಿ ಆದ ಮ್ಯಾಲ ದಿನಾಲೂ. ಅದೇ ಕಾಯ್ದೆಯ ಶೆಡ್ಯೂಲ್ 2 ಲ್ಯಾಪ್‌ಟಾಪಿಗೆ ಕೊಟ್ಟ ಆಯುಷ್ಯ 3 ವರ್ಷ, ಸರ್ವರಿಗೆ 6. ಮಷೀನು ಸಾಯ್ತಾವ ಅಂತ ಕಾನೂನಿಗೇ ಗೊತ್ತೈತಿ. ಆದ್ರ ಅಜ್ಜನ ಭಜನಿ ಪದಕ್ಕ ಯಾವ ಆಡಿಟರೂ ಬರೂದಿಲ್ಲ.

ಹಲಸಿ, ಲಕ್ಕುಂಡಿ, ಕಕ್ಕೇರಿ, 1923ರ ಬೆಳಗಾವಿ ಎಲ್ಲಾ ಕೂಡಿಸಿ ನೋಡಿದ್ರ ಉತ್ತರ ಒಂದೇ ಬರತೈತಿ. ವಸ್ತು ಗಟ್ಟಿ ಇದ್ದದ್ದಕ್ಕ ಅಷ್ಟ ಉಳೀಲಿಲ್ಲ. ಒಂದಕ್ಕಿಂತ ಹೆಚ್ಚು ಕಡೆ ಇತ್ತು, ಮತ್ತ ಹಳೇ ವಸ್ತು ಹಾಳಾಗೋ ಮೊದಲ ಯಾರೋ ಒಬ್ಬರು ಹೊಸದಕ್ಕ ದಾಟಿಸಿದ್ರು. ಪೆನ್‌ಡ್ರೈವೋ ಕ್ಲೌಡೋ ಅನ್ನೋ ಜಗಳಕ್ಕಿಂತ "ಎರಡನೇ ಪ್ರತಿ ಎಲ್ಲೈತಿ?" ಅನ್ನೋದು ದೊಡ್ಡ ಪ್ರಶ್ನೆ.

ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ನಿಯಮ ಇದನ್ನ ಹೇಳತೈತಿ: 3 ಪ್ರತಿ, 2 ತರದ ವಸ್ತು, 1 ಬ್ಯಾರೆ ಜಾಗ. ನಮ್ಮ ಮನಿಗೆ ಹೊಂದಿಸಿದ್ರ ಹಿಂಗ:

▪ ಫೋನಿನ್ಯಾಗಿಂದು ಒಂದು. ಹಾರ್ಡ್ ಡಿಸ್ಕ್‌ಗೆ ಒಂದು.
▪ ಭಾಳ ಮುಖ್ಯದ್ದು ಅಷ್ಟ ಆರಿಸಿ ಆನ್‌ಲೈನ್. 15 ಜಿಬಿಯಾಗ ಧ್ವನಿ ಫೈಲು ಸಾವಿರಗಟ್ಟಲೆ ಹಿಡಿತಾವ.
▪ ನೆಟ್ ಇಲ್ಲದವರು ಬ್ಯಾರೆ ಊರಿನ ಬಳಗದವರ ಮನಿಯಾಗ ಒಂದು ಪೆನ್‌ಡ್ರೈವ್ ಇಡ್ರಿ. ಜಾತ್ರಿಗೆ ಹೋದಾಗ ಹೊಸಾದು ಕೊಟ್ಟು ಹಳೇದು ತರ್ರಿ.
▪ ಆಧಾರ್, ಮಾರ್ಕ್ಸ್ ಕಾರ್ಡ್ ಡಿಜಿಲಾಕರಿನ್ಯಾಗ. ಅವನ್ನ ಪಾಸ್‌ವರ್ಡ್ ಇಲ್ಲದ ಪೆನ್‌ಡ್ರೈವಿನ್ಯಾಗ ಹಾಕಿ ತಿರುಗಬ್ಯಾಡ್ರಿ.
▪ ವರ್ಷಕ್ಕೊಮ್ಮೆ ತೆಗೆದು ನೋಡ್ರಿ. ತೆರೀದ ಬ್ಯಾಕಪ್ ಇದ್ದೂ ಇಲ್ಲದಂಗ.

ನಮ್ಮ ಆಯಿಗೆ ಈಗ 78. ಬೀಸೋ ಕಲ್ಲಿನ ಪದ, ಸೋಬಾನ ಪದ ಇನ್ನೂ ಬಾಯಾಗ ಅದಾವ. ಈ ದೀಪಾವಳಿ ರಜಾದಾಗ 23 ಪದ ರೆಕಾರ್ಡ್ ಮಾಡೀನಿ. ಒಂದು ಪ್ರತಿ ಬೆಳಗಾವಿಯಾಗ, ಒಂದು ಧಾರವಾಡದ ಕಾಕಾನ ಹತ್ರ, ಒಂದು ಆನ್‌ಲೈನ್. ನಿಮ್ಮ ಮನಿಯಾಗ ಯಾರ ಧ್ವನಿ ಒಂದೇ ಫೋನಿನ್ಯಾಗ ಐತಿ? ಕಮೆಂಟ್ ಆಮ್ಯಾಲ ಹಾಕ್ರಿ, ಮೊದಲ ಅದನ್ನ ಇನ್ನೊಬ್ಬರಿಗೆ ಕಳಸ್ರಿ.

#ಬೆಳಗಾವಿ #ಖಾನಾಪುರ #ಹಲಸಿ #ಕಕ್ಕೇರಿ #ನಮ್ಮಇತಿಹಾಸ #ಬ್ಯಾಕಪ್ #ಬಿಕಾಂಮಂದಿ