ಜಾರ್ ಮುಟ್ಟದ ಮನವಿ ಪತ್ರ

ಒಂದು ದೇಶದೊಳಗಿನ ಹಿಂಸೆಯನ್ನು ಇನ್ನೊಂದು ದೇಶ ಪ್ರಶ್ನಿಸಬಹುದೇ? ಪ್ರಶ್ನಿಸಿದರೆ ಆಗುವುದಾದರೂ ಏನು? ಹೊರದೇಶಗಳ ಯೆಹೂದಿ ದ್ವೇಷದ ವಿರುದ್ಧ ಅಮೆರಿಕ ಸರ್ಕಾರ ಎತ್ತಿದ ದನಿಯ ಚರಿತ್ರೆಯನ್ನು ಓದುವಾಗ ಈ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ.

1903ರ ಏಪ್ರಿಲ್‌ನಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಕಿಶಿನೆವ್ ನಗರದಲ್ಲಿ ಈಸ್ಟರ್ ಹಬ್ಬದ ದಿನ ಶುರುವಾದ ದಾಳಿಗೆ ಸುಮಾರು 50 ಯೆಹೂದಿಗಳು ಬಲಿಯಾದರು. ನೂರಾರು ಮನೆ, ಅಂಗಡಿಗಳು ಲೂಟಿಯಾದವು. ಅಮೆರಿಕದ ಯೆಹೂದಿ ಸಂಘಟನೆ ಬ್ನೈ ಬ್ರಿತ್, ಜಾರ್ ಎರಡನೆಯ ನಿಕೊಲಸ್‌ಗೆ ಮನವಿ ಪತ್ರ ಬರೆದು 12,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸರ್ಕಾರ ಒಂದು ಜಾಣತನ ಮಾಡಿತು. ಇಂಥ ಮನವಿಯನ್ನು ಸ್ವೀಕರಿಸುವಿರಾ ಎಂದು ರಷ್ಯಾವನ್ನು ಕೇಳುವ ಸಂದೇಶದಲ್ಲೇ ಮನವಿಯ ಪೂರ್ಣಪಾಠವನ್ನು ಸೇರಿಸಿತು. ಸ್ವೀಕರಿಸುವುದಿಲ್ಲ ಎಂಬ ಉತ್ತರ ಬಂತು. ಆದರೆ ಅಷ್ಟರಲ್ಲಿ ಹೇಳಬೇಕಾದ ಮಾತು ತಲುಪಿಯಾಗಿತ್ತು, ಪತ್ರಿಕೆಗಳಲ್ಲೂ ಅಚ್ಚಾಗಿತ್ತು. ಸಹಿಗಳ ಸಂಪುಟ ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಯ ದಾಖಲೆ ಸೇರಿತು.

ಮಾತು ತಲುಪಿತೇನೋ ನಿಜ, ಜನ ಉಳಿದರೇ? 1905ರಲ್ಲಿ ಅದೇ ಊರಿನಲ್ಲಿ ಮತ್ತೆ ಯೆಹೂದಿಗಳ ಹತ್ಯೆ ನಡೆಯಿತು.

1938ರ ನವೆಂಬರಿನಲ್ಲಿ ಜರ್ಮನಿಯ ಯೆಹೂದಿ ಪ್ರಾರ್ಥನಾ ಮಂದಿರಗಳು ಹೊತ್ತಿ ಉರಿದಾಗ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬರ್ಲಿನ್ನಿನಿಂದ ತಮ್ಮ ರಾಯಭಾರಿಯನ್ನು ವಾಪಸ್ ಕರೆಸಿಕೊಂಡರು. ಖಂಡನೆ ಗಟ್ಟಿಯಾಗಿಯೇ ಇತ್ತು. ವಲಸೆಯ ಮಿತಿ ಮಾತ್ರ ಸಡಿಲವಾಗಲಿಲ್ಲ. ಮರುವರ್ಷ 937 ಪ್ರಯಾಣಿಕರನ್ನು ಹೊತ್ತ 'ಸೇಂಟ್ ಲೂಯಿಸ್' ಹಡಗನ್ನು ಕ್ಯೂಬಾ ತಿರಸ್ಕರಿಸಿತು, ಅಮೆರಿಕವೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಬಹುತೇಕ ಯೆಹೂದಿಗಳೇ ಇದ್ದ ಆ ಹಡಗು ಯುರೋಪಿಗೆ ಮರಳಿತು. ಅವರಲ್ಲಿ 254 ಮಂದಿ ನಾಜಿ ನರಮೇಧದಲ್ಲಿ ಸತ್ತರು.

2004ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಜಗತ್ತಿನಾದ್ಯಂತ ಯೆಹೂದಿ ದ್ವೇಷದ ಮೇಲೆ ಕಣ್ಣಿಡಲು ವಿದೇಶಾಂಗ ಇಲಾಖೆಯಲ್ಲೇ ಒಂದು ಕಚೇರಿ, ಅದಕ್ಕೊಬ್ಬ ವಿಶೇಷ ಪ್ರತಿನಿಧಿ. ಮಾನವ ಹಕ್ಕುಗಳ ವರದಿ ಹೇಗೂ ಇದೆ, ಒಂದು ಸಮುದಾಯಕ್ಕೆಂದು ಬೇರೆ ಕಚೇರಿ ಏಕೆ ಎಂದು ಇಲಾಖೆಯೇ ಆಕ್ಷೇಪಿಸಿತ್ತು. ತಳ್ಳಿಹಾಕುವಂಥ ವಾದವಲ್ಲ ಅದು. ಆದರೂ ಕಾನೂನಿಗಾಗಿ ಪಟ್ಟುಹಿಡಿದವರಲ್ಲಿ ಒಬ್ಬರು ಸಂಸದ ಟಾಮ್ ಲಾಂಟೋಸ್. ಬುಡಾಪೆಸ್ಟಿನಲ್ಲಿ ಹುಟ್ಟಿ, ನರಮೇಧದಿಂದ ಪಾರಾಗಿ ಬಂದವರು. 2021ರಲ್ಲಿ ಆ ಹುದ್ದೆಗೆ ರಾಯಭಾರಿಯ ದರ್ಜೆ ಸಿಕ್ಕಿತು. ಮರುವರ್ಷ ಆ ಸ್ಥಾನಕ್ಕೆ ಬಂದವರು ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್.

ದ್ವೇಷವನ್ನು ದಾಖಲಿಸುವುದು ಸಣ್ಣ ಕೆಲಸವಲ್ಲ. ನಮಗೆ ಗೊತ್ತೇ ಇರಲಿಲ್ಲ ಎನ್ನುವ ನೆಪವನ್ನು ಅದು ಕಿತ್ತುಕೊಳ್ಳುತ್ತದೆ. ಆದರೆ 1938ರಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಇಂಥ ಕಚೇರಿಯ ವರದಿಯನ್ನು ಓದುವಾಗ, ಬರೆದ ದೇಶದ ಬಾಗಿಲು ತೆರೆದಿದೆಯೇ ಎಂದೂ ನೋಡಬೇಕಾಗುತ್ತದೆ.