ಎಳೆಯುವ ಬಲ, ಹೊರುವ ಬಲ: ಪಿಕಪ್ ಟ್ರಕ್ಕಿನ ನೂರು ವರ್ಷಗಳ ಪಾಠ



ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದವರು ಅಲ್ಲಿನ ಹೆದ್ದಾರಿಯಲ್ಲಿ ಈ ನೋಟವನ್ನು ಕಂಡೇ ಇರುತ್ತೀರಿ. ಮುಂದೆ ಎತ್ತರದ ಪಿಕಪ್ ಟ್ರಕ್ಕು, ಅದರ ಹಿಂದೆ ಕೊಂಡಿ ಹಾಕಿದ ಪುಟ್ಟ ಮನೆ. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ. ಇದಕ್ಕೆ ಟ್ರಾವೆಲ್ ಟ್ರೈಲರ್ ಎಂದು ಹೆಸರು. ಈ ಜೋಡಿ ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಮಗೆ ಅನ್ನಿಸಬಹುದು. ಆದರೆ ಟ್ರಕ್ಕಿನ ಹುಟ್ಟೇ ಬೇರೆ, ಟ್ರೈಲರಿನ ಹುಟ್ಟೇ ಬೇರೆ. ಇವೆರಡೂ ಒಂದಾದ ಕಥೆಯಲ್ಲಿ ಇಂದು ಟ್ರಕ್ಕು ಕೊಳ್ಳುವವರಿಗೂ ಬೇಕಾದ ಪಾಠವಿದೆ.

ಪಿಕಪ್ ರೈತನ ಮನೆಯ ಕೂಸು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಹಿಂಭಾಗ ಕಿತ್ತು, ಮರದ ಪೆಟ್ಟಿಗೆ ಕೂರಿಸಿ, ರೈತರು ಹಾಲು, ತರಕಾರಿ ಸಾಗಿಸುತ್ತಿದ್ದರು. ಇದನ್ನು ಗಮನಿಸಿದ ಫೋರ್ಡ್ 1925ರಲ್ಲಿ ಕಾರ್ಖಾನೆಯಲ್ಲೇ ಪೆಟ್ಟಿಗೆ ಜೋಡಿಸಿ ಮಾರಾಟಕ್ಕಿಟ್ಟಿತು. ಬೆಲೆ 281 ಡಾಲರ್, ಎಂಜಿನ್ನಿನ ಶಕ್ತಿ ಕೇವಲ 20 ಅಶ್ವಶಕ್ತಿ.

ಟ್ರೈಲರ್ ಮಾತ್ರ ಪೇಟೆಯವರ ವಿಹಾರದ ಕೂಸು. ಡೆಟ್ರಾಯಿಟ್ ನಗರದ ಆರ್ಥರ್ ಶೆರ್ಮನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ರಜೆಗೆಂದು ಮಡಚುವ ಡೇರೆಯ ಗಾಡಿಯೊಂದನ್ನು ಕೊಂಡಿದ್ದರು. ಕೆಲವೇ ನಿಮಿಷಗಳಲ್ಲಿ ಬಿಚ್ಚಬಹುದೆಂದು ಜಾಹೀರಾತಿನಲ್ಲಿತ್ತು. ಮಳೆ ಬಂದಾಗ ಅದು ಬಿಚ್ಚಿಕೊಳ್ಳಲೇ ಇಲ್ಲ. ಬೇಸತ್ತ ಶೆರ್ಮನ್ ಗಟ್ಟಿ ಗೋಡೆಯ ಗಾಡಿಯನ್ನು ತಾವೇ ಮಾಡಿಸಿ, 1930ರ ಸುಮಾರಿಗೆ ‘ಕವರ್ಡ್ ವ್ಯಾಗನ್’ ಎಂಬ ಹೆಸರಿನಲ್ಲಿ ಮಾರತೊಡಗಿದರು. 1936ರಲ್ಲಿ ವಾಲಿ ಬೈಯಮ್ ಅವರ ಏರ್‌ಸ್ಟ್ರೀಮ್ ಕಂಪನಿ ಅಲ್ಯೂಮಿನಿಯಮ್ ಹೊದಿಕೆಯ ‘ಕ್ಲಿಪ್ಪರ್’ ತಂದಿತು. ನಾಲ್ವರು ಮಲಗಬಹುದಾದ ಅದರ ಬೆಲೆ 1,200 ಡಾಲರ್.

ಇವನ್ನು ಎಳೆಯುತ್ತಿದ್ದದ್ದು ಹೆಚ್ಚಾಗಿ ಮನೆಯ ಕಾರೇ. ಆಗಿನ ಅಮೆರಿಕನ್ ಕಾರುಗಳಿಗೆ ಟ್ರಕ್ಕಿನಂತೆಯೇ ಉಕ್ಕಿನ ಚೌಕಟ್ಟು, ದೊಡ್ಡ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. 1956ರ ಕಾಯ್ದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಹರಡತೊಡಗಿದಾಗಲೂ ಕುಟುಂಬಗಳು ಸ್ಟೇಷನ್ ವ್ಯಾಗನ್ ಕಾರಿಗೇ ಟ್ರೈಲರ್ ಕಟ್ಟಿಕೊಂಡು ಹೊರಡುತ್ತಿದ್ದವು.

ಈ ಪದ್ಧತಿ ಬದಲಾದದ್ದು ಪೆಟ್ರೋಲಿನ ದೆಸೆಯಿಂದ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. 1975ರಲ್ಲಿ ಅಮೆರಿಕ ಇಂಧನ ಮಿತವ್ಯಯದ ಕಾನೂನು ತಂದಿತು. ಕಾರುಗಳು ಸಣ್ಣವಾದವು, ಹಗುರವಾದವು, ಬೆನ್ನೆಲುಬಿನಂತಿದ್ದ ಚೌಕಟ್ಟನ್ನು ಕಳೆದುಕೊಂಡವು. ಟ್ರಕ್ಕುಗಳ ಮೇಲಿನ ನಿಯಮ ಸಡಿಲವಾಗಿದ್ದುದರಿಂದ ಅವು ಚೌಕಟ್ಟು ಉಳಿಸಿಕೊಂಡವು. ಹೀಗೆ ಟ್ರೈಲರ್ ಎಳೆಯುವ ಕೆಲಸ ಹೊಲದ ಗಾಡಿಯ ಪಾಲಿಗೆ ಬಂತು. ಫೋರ್ಡ್ ಎಫ್-150 ಮಾರುಕಟ್ಟೆಗೆ ಬಂದದ್ದೂ 1975ರ ಮಾದರಿಯಾಗಿಯೇ.

ಇದಕ್ಕೂ ಮೊದಲೇ ಇನ್ನೊಂದು ಘಟನೆ ನಡೆದಿತ್ತು. ಅಮೆರಿಕದ ಕೋಳಿಮಾಂಸದ ಮೇಲೆ ಯುರೋಪು ಸುಂಕ ಹಾಕಿತೆಂಬ ಸಿಟ್ಟಿಗೆ, 1964ರಲ್ಲಿ ಅಮೆರಿಕ ಹೊರದೇಶದ ಹಗುರ ಟ್ರಕ್ಕುಗಳ ಮೇಲೆ ಶೇಕಡಾ 25 ಸುಂಕ ಜಾರಿಗೆ ತಂದಿತು. ‘ಕೋಳಿ ಸುಂಕ’ ಎಂದೇ ಅದು ಹೆಸರಾಯಿತು. ಕೋಳಿ ಜಗಳಕ್ಕೆ ಟ್ರಕ್ಕು ದಂಡ ತೆತ್ತಿತು! ಪೈಪೋಟಿ ಕುಗ್ಗಿದ್ದರಿಂದ ಅಲ್ಲಿನ ಕಂಪನಿಗಳಿಗೆ ದೊಡ್ಡ ಪಿಕಪ್ ಲಾಭದ ಹೊಳೆಯಾಯಿತು. ನಿಸ್ಸಾನ್ ಕಂಪನಿ 1983ರಲ್ಲಿ ಟೆನೆಸ್ಸಿ ರಾಜ್ಯದಲ್ಲೇ ಕಾರ್ಖಾನೆ ತೆರೆದು ಪಿಕಪ್ ತಯಾರಿಸತೊಡಗಿತು.

ಲಾಭ ಇದ್ದ ಕಡೆ ಜಂಭವೂ ಇರುತ್ತದೆ. ‘ನಮ್ಮ ಟ್ರಕ್ಕು ಇಷ್ಟು ಎಳೆಯುತ್ತದೆ’ ಎಂದು ಪ್ರತಿಯೊಂದು ಕಂಪನಿಯೂ ತನ್ನದೇ ಅಳತೆಗೋಲಿನಲ್ಲಿ ಸಂಖ್ಯೆ ಸಾರುತ್ತಿತ್ತು. ಒಂದರ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸುವಂತೆಯೇ ಇರಲಿಲ್ಲ. ಕಡೆಗೆ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ 2008ರಲ್ಲಿ ‘ಜೆ2807’ ಎಂಬ ಏಕರೂಪದ ಪರೀಕ್ಷಾಕ್ರಮ ಪ್ರಕಟಿಸಿತು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ ಘಟ್ಟದ ರಸ್ತೆಯೇ ಅದರ ಒರೆಗಲ್ಲು. ಸುಮಾರು 18 ಕಿಲೋಮೀಟರ್ ಏರು, 38 ಡಿಗ್ರಿ ಸೆಲ್ಸಿಯಸ್ ಬಿಸಿಲು, ಏ.ಸಿ. ಪೂರ್ತಿ ಓಡುತ್ತಿರಬೇಕು. ಸಾಮಾನ್ಯ ಪಿಕಪ್ಪಿನ ವೇಗ ಗಂಟೆಗೆ 64 ಕಿಲೋಮೀಟರಿಗಿಂತ ಇಳಿಯಬಾರದು. ಬ್ರೇಕು, ತಿರುವಿನ ಹತೋಟಿ ಇವಕ್ಕೂ ಪರೀಕ್ಷೆಯಿದೆ. ಈ ಕ್ರಮವನ್ನು ಮೊದಲು ಒಪ್ಪಿದ್ದು ಟೊಯೊಟಾ, 2011ರ ಮಾದರಿಗಳಿಗೆ. ಟ್ರಕ್ಕು ಬದಲಾಗದಿದ್ದರೂ ಅದರ ‘ಟಂಡ್ರಾ’ದ ಸಂಖ್ಯೆಗಳು ಕೆಲವು ನೂರು ಪೌಂಡು ಇಳಿದವು. ಉಳಿದ ಕಂಪನಿಗಳು ನಿಧಾನವಾಗಿ ಹಿಂಬಾಲಿಸಿದವು.

ಹಾಗಾದರೆ ಈಗ ಜಾಹೀರಾತಿನ ಸಂಖ್ಯೆ ನಂಬಿ ಕೊಳ್ಳಬಹುದೇ? ಅಲ್ಲಿಯೇ ಇರುವುದು ಸೂಕ್ಷ್ಮ. ಆ ಪರೀಕ್ಷೆಯಲ್ಲಿ ಟ್ರಕ್ಕಿನೊಳಗೆ ಚಾಲಕ ಮತ್ತು ಒಬ್ಬ ಪ್ರಯಾಣಿಕರ ಲೆಕ್ಕ ಮಾತ್ರ. ನಮ್ಮವರು ಪ್ರವಾಸ ಹೊರಟರೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಊರಿನಿಂದ ಬಂದ ಅಜ್ಜಿ, ಜೊತೆಗೆ ಕುಕ್ಕರು, ಅಕ್ಕಿ, ಉಪ್ಪಿನಕಾಯಿ ಭರಣಿ!

ಒಂದು ಲೆಕ್ಕ ನೋಡೋಣ. ಸಾಮಾನು ತುಂಬಿದ ಸಣ್ಣ ಟ್ರೈಲರ್ 1,800 ಕಿಲೋ ಇದೆ ಎನ್ನಿ. ಅದರಲ್ಲಿ ಶೇಕಡಾ 10ರಿಂದ 15ರಷ್ಟು, ಅಂದರೆ 180ರಿಂದ 270 ಕಿಲೋ, ಕೊಂಡಿಯ ಮೂಲಕ ಟ್ರಕ್ಕಿನ ಮೇಲೆ ಕೂರಬೇಕು. ಎತ್ತಿನ ಗಾಡಿಗೆ ಮೂಟೆ ಹೇರಿದವರಿಗೆ ಇದು ಗೊತ್ತಿರುವ ಮಾತೇ. ಹಿಂದಕ್ಕೆ ಭಾರ ಬಿದ್ದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಟ್ರೈಲರಿನಲ್ಲಿ ಹಾಗಾದರೆ ಅದು ಹಾವಿನಂತೆ ಹೊಯ್ದಾಡಿ ಟ್ರಕ್ಕನ್ನೂ ರಸ್ತೆಯಿಂದ ಹೊರಗೆಳೆದೀತು. ಕೊಂಡಿಯ ಭಾರ 250 ಕಿಲೋ, ಐವರು ಜನ 330 ಕಿಲೋ, ಸಾಮಾನು 100 ಕಿಲೋ ಸೇರಿಸಿದರೆ 680 ಆಯಿತು. ಮೂರು ಟನ್ ಎಳೆಯಬಲ್ಲೆನೆಂದು ಹೇಳುವ ಟ್ರಕ್ಕೂ ಬೆನ್ನ ಮೇಲೆ 600 ಕಿಲೋ ಮಾತ್ರ ಹೊರಬಲ್ಲದಾಗಿದ್ದರೆ, ಎಳೆತದ ಮಿತಿ ಬರುವ ಮೊದಲೇ ಹೊರುವ ಮಿತಿ ಮೀರಿತು. ಟೈರು, ಸ್ಪ್ರಿಂಗು, ಬ್ರೇಕು ಸೋಲುವುದು ಇಲ್ಲಿಯೇ.

ಆದ್ದರಿಂದ ಜಾಹೀರಾತಿಗಿಂತ ಮೊದಲು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ ಓದಬೇಕು. ಆ ಟ್ರಕ್ಕು ಒಟ್ಟು ಎಷ್ಟು ಹೊರಬಹುದೆಂಬುದು ಅಲ್ಲಿರುತ್ತದೆ. ಟ್ರೈಲರಿನ ಖಾಲಿ ತೂಕವನ್ನಲ್ಲ, ತುಂಬಿದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು. 100 ಲೀಟರ್ ನೀರು ಎಂದರೆ 100 ಕಿಲೋ. ಟ್ರೈಲರಿಗೆ ಅದರದೇ ಬ್ರೇಕು, ಅದನ್ನು ನಿಯಂತ್ರಿಸುವ ಸಾಧನ ಟ್ರಕ್ಕಿನೊಳಗೆ ಇರಬೇಕು. ಘಟ್ಟ ಏರುವಾಗ ಗೇರುಪೆಟ್ಟಿಗೆ ಕಾಯದಂತೆ ಕೂಲರ್ ಇದ್ದರೆ ಒಳ್ಳೆಯದು.

ಹಳೆಯ ಟ್ರಕ್ಕಾದರೆ ಕೆಳಗೆ ಬಗ್ಗಿ ಚೌಕಟ್ಟನ್ನು ನೋಡಲೇಬೇಕು. ಹಿಮ ಬೀಳುವ ಊರುಗಳಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಅದು ಉಕ್ಕನ್ನು ತಿನ್ನುತ್ತದೆ. ಗಟ್ಟಿತನಕ್ಕೆ ಹೆಸರಾದ ಟೊಯೊಟಾ ಕಂಪನಿಯೇ 2016ರಲ್ಲಿ ಚೌಕಟ್ಟಿನ ತುಕ್ಕಿನ ಮೊಕದ್ದಮೆಯೊಂದರಲ್ಲಿ ಸುಮಾರು 15 ಲಕ್ಷ ವಾಹನಗಳಿಗೆ ಸಂಬಂಧಿಸಿ ರಾಜಿಗೆ ಒಪ್ಪಿತು. ಹೆಸರು ನೋಡಿ ಕೊಳ್ಳುವುದು ಸರಿ, ಆದರೆ ಹೆಸರಿಗೂ ತುಕ್ಕು ಹಿಡಿಯುತ್ತದೆ.

20 ಅಶ್ವಶಕ್ತಿಯ ಕಾಲದಿಂದ ಇಂದಿನವರೆಗೆ ಎಂಜಿನ್ನು ಎಷ್ಟೋ ಪಟ್ಟು ಬಲಿತಿದೆ. ಎಳೆಯುವ ಬಲಕ್ಕೆ ಈಗ ಬರವಿಲ್ಲ. ಘಟ್ಟದ ಇಳಿಜಾರಿನಲ್ಲಿ ಹಿಂದಿನ ಮನೆ ಮುಂದಿನ ಗಾಡಿಯನ್ನು ದೂಡತೊಡಗಿದಾಗ ತಡೆದು ನಿಲ್ಲುವ ಟ್ರಕ್ಕೇ ನಂಬಿಕೆಯ ಟ್ರಕ್ಕು.